ಕೆಂಪು ಕಾರಿನ ವಿಚಾರಣೆ

ನಮ್ಮಣ್ಣ ರಾಯಚೂರಿನ ಗಿರಣಿ ಓಣಿಗೆಲ್ಲ ಹೆಸರಾದ ಮೆಕ್ಯಾನಿಕ್. ಆದರೆ ನಿಮಗೊಂದು ಗುಟ್ಟು ಹೇಳುತ್ತೇನೆ. ಅವನು ಜೀವನದಲ್ಲಿ ಯಂತ್ರಗಳನ್ನು ಬಿಚ್ಚಿದ್ದು ಕಡಿಮೆ, ಮನುಷ್ಯರನ್ನು ಬಿಚ್ಚಿದ್ದೇ ಹೆಚ್ಚು!

ಮಾನ್ವಿಯ ನಮ್ಮ ಮನೆಗೆ ಕೊನೆಯ ಸಲ ಬಂದಾಗಲೂ ಅವನು ಮಾಡಿದ್ದು ಅದನ್ನೇ. ಅದೊಂದು ಸಾಮಾನ್ಯ ಭಾನುವಾರ. ನನ್ನ ಪಂಪ್ ಸ್ಟೋವ್ ಎರಡು ದಿನದಿಂದ ಉರಿಯಲೊಲ್ಲದೆ, ಬರೀ ಕರಿ ಹೊಗೆ ಕಾರುತ್ತ ಕೂತಿತ್ತು. ಬೇರೆ ಯಾರಾದರೂ ಆಗಿದ್ದರೆ ಪಿನ್ನು ಹಿಡಿದು ಸ್ಟೋವಿನ ಮುಂದೆ ಕೂಡುತ್ತಿದ್ದರು. ಅಣ್ಣ ನನ್ನ ಗಂಡನ ಮುಂದೆ ಕೂತ. ನನ್ನ ಗಂಡ ಕೂಡ ನನ್ನ ಹಾಗೆ ಶಾಲೆಯ ಮಾಸ್ತರರು.

“ಮಾಸ್ತರ್ರೇ, ಶುಕ್ರವಾರ ಸ್ಟೋವಿಗಿ ಎಣ್ಣಿ ಹಾಕಿದವ್ರು ಯಾರು?”

“ನಾನೇ.”

“ಎಣ್ಣಿ ಎಲ್ಲಿದು?”

“ರೇಷನ್ ಅಂಗಡಿದು.”

“ಪೂರಾ ರೇಷನ್ ಅಂಗಡಿದೇನು?”

ನನ್ನವರು ಜಂತಿಯ ಕಡೆ ನೋಡಿದರು. ಮಕ್ಕಳಿಗೆ ದಿನಾ ‘ಸತ್ಯವನ್ನೇ ಹೇಳಬೇಕು’ ಎಂದು ಕಾಪಿ ಬರೆಸುವವರು, ಪಾಪ! “ಸ್ವಲ್ಪ ಕಡಿಮಿ ಬಿದ್ದಿತ್ತು. ಬಾಜೂ ಮನಿ ಟ್ರ್ಯಾಕ್ಟರಿನವ್ರ ಕಡಿಂದ ಒಂದೀಟು ಡೀಸೆಲ್ ಇಸ್ಗೊಂಡು ಬೆರ್ಸಿದ್ದೆ” ಎಂದರು.

ಅಣ್ಣ ನನ್ನ ಕಡೆ ತಿರುಗಿ, “ಸ್ಟೋವ್ ಚಲೋ ಅದ ತಂಗಿ. ಕೆಟ್ಟವ್ರು ಮಾಸ್ತರ್ರು” ಎಂದ.

ಚಹಾ ಕುಡಿದ, ಸಂಜೆ ಬಸ್ಸಿಗೆ ರಾಯಚೂರಿಗೆ ಹೋದ. ಬುಧವಾರ ಬೆಳಗಿನ ಮೊದಲ ಬಸ್ಸಿಗೆ ಸುದ್ದಿ ಬಂತು. ಎದೆ ನೋಯುತ್ತದೆ ಎಂದು ಗಿರಣಿಯ ಕಟ್ಟೆಯ ಮೇಲೆ ಕೂತವನು ಮತ್ತೆ ಏಳಲಿಲ್ಲವಂತೆ. ವಯಸ್ಸು ನಲವತ್ತು ಕೂಡ ತುಂಬಿರಲಿಲ್ಲ.

ಆ ಮಾತನ್ನು ಇಲ್ಲಿಗೇ ಬಿಡುತ್ತೇನೆ. ನಾನು ಬರೆಯಲು ಕೂತದ್ದು ಅವನು ಗೆದ್ದ ಕತೆಯನ್ನು. ಅಣ್ಣ ಗೆದ್ದ ಕತೆಯನ್ನು ಮೂಗು ಒರೆಸಿಕೊಳ್ಳುತ್ತ ಹೇಳುವುದು ಸರಿಯೇ?

ಅಣ್ಣನದು ಒಂದೇ ಸಿದ್ಧಾಂತ. “ಮಶೀನು ತಾನಾಗೇ ಕೆಡಂಗಿಲ್ಲ. ಅದಕ್ಕ ಯಾರೋ ಏನೋ ಮಾಡಿರ್ತಾರ. ಏನ್ ಮಾಡ್ಯಾರ ಅಂತ ಗೊತ್ತಾದ್ರ ಅದನ್ನ ಉಲ್ಟಾ ಮಾಡಿದ್ರ ಆತು.” ಹೀಗಾಗಿ ಅವನ ರಿಪೇರಿ ಎಂದರೆ ಮುಕ್ಕಾಲು ಪಾಲು ಪೊಲೀಸ್ ವಿಚಾರಣೆ. ಸುತ್ತಿಗೆಯನ್ನಂತೂ ಮುಟ್ಟುತ್ತಲೇ ಇರಲಿಲ್ಲ. ಅವನ ಹತ್ತಿರ ಇದ್ದ ಒಂದೇ ಒಂದು ಸುತ್ತಿಗೆ ನಮ್ಮವ್ವನ ಒಲೆಯ ಪಕ್ಕದಲ್ಲಿ ಬೆಲ್ಲ ಒಡೆಯುತ್ತ ಕಾಲ ಕಳೆಯಿತು.

ಒಮ್ಮೆ ನಮ್ಮ ಓಣಿಯ ಹೆಡ್ಮಾಸ್ತರರ ಮನೆಯ ಗೋಡೆ ಗಡಿಯಾರ ನಿಂತುಹೋಯಿತು. ಅಣ್ಣ ಹೋದ. ಗಡಿಯಾರ ಇಳಿಸಲೇ ಇಲ್ಲ. ಮನೆಮಂದಿಯನ್ನೆಲ್ಲ ಸಾಲಾಗಿ ಕೂಡಿಸಿ, ಕೊನೆಯದಾಗಿ ಇದಕ್ಕೆ ಚಾವಿ ಕೊಟ್ಟವರಾರು, ಯಾವಾಗ, ಯಾವ ಕೈಯಿಂದ ಎಂದು ಕೇಳುತ್ತ ಹೋದ. ಅರ್ಧ ಗಂಟೆಯಲ್ಲಿ ಸತ್ಯ ಹೊರಬಿತ್ತು. ಹೆಡ್ಮಾಸ್ತರರ ಹೆಂಡತಿ, ಗಂಡನಿಗೆ ಗೊತ್ತಾಗದಂತೆ ತವರಿಗೆ ಕಳಿಸಲು ತೆಗೆದಿಟ್ಟ ಬಂಗಾರದ ಮೂಗುತಿಯನ್ನು ಗಡಿಯಾರದ ಪೆಟ್ಟಿಗೆಯೊಳಗೆ ಅಡಗಿಸಿದ್ದರು. ಅದು ಜಾರಿ ಹಲ್ಲಿನ ಚಕ್ರದಲ್ಲಿ ಕೂತಿತ್ತು! ಗಡಿಯಾರ ಅಂದೇ ನಡೆಯಿತು. ಗಂಡ ಹೆಂಡಿರ ಮಾತು ಮಾತ್ರ ಹದಿನೈದು ದಿನ ನಿಂತಿತ್ತು.

ಇಂಥ ಅಣ್ಣನ ಕೈಗೆ ಒಂದು ವಿಲಾಯತಿ ಕಾರು ಸಿಕ್ಕಿತು ಎಂದರೆ ಏನಾಗಬೇಡ?

ಇದು ಎಪ್ಪತ್ತರ ದಶಕದ ಮಾತು. ನಮ್ಮವ್ವ ಅಕ್ಕಿ ಗಿರಣಿಯಲ್ಲಿ ನುಚ್ಚು ಕೇರುವ ಕೆಲಸ ಮಾಡುತ್ತಿದ್ದಳು. ಅಣ್ಣ ಅದೇ ಗಿರಣಿಯ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದ. ಗಿರಣಿಯ ಸಾವ್ಕಾರರು ಹಣೆಗೆ ಮೂರು ಬೆರಳು ವಿಭೂತಿ ಧರಿಸುವ, ದೊಡ್ಡ ನಗುವಿನ, ಅದಕ್ಕಿಂತ ದೊಡ್ಡ ಹೊಟ್ಟೆಯ ಮನುಷ್ಯ. ಯಂತ್ರದ ಸಾಮಾನು ತರಲು ಹೈದರಾಬಾದಿಗೆ ಹೋದವರು, ದೇಶ ಬಿಟ್ಟು ಹೊರಟಿದ್ದ ಯಾರೋ ಬಿಳಿಯ ದೊರೆಯ ಕಡೆಯಿಂದ ಒಂದು ಹಳೇ ಸ್ಪೋರ್ಟ್ಸ್ ಕಾರು ಕೊಂಡು ತಂದರು. ಎರಡೇ ಸೀಟು. ಮೇಲೆ ಚಾವಣಿಯೇ ಇಲ್ಲ. ಬ್ಯಾಡಗಿ ಮೆಣಸಿನಕಾಯಿ ಬಣ್ಣ. ದನಕ್ಕೆ ನೀರು ಕುಡಿಸುವ ಬಾನಿಯಷ್ಟೇ ಎತ್ತರ.

“ಇದಕ್ಕ ಮಾಡೇ ಇಲ್ಲಲ್ರಿ ಯಪ್ಪಾ!” ಎಂದಳಂತೆ ಅವ್ವ.

“ಬಿಸಲು ಹತ್ತಿದ್ರ ಛತ್ರಿ ಹಿಡೀತೀನಿ ಬಿಡಬೇ” ಎಂದರಂತೆ ಸಾವ್ಕಾರರು.

ಛತ್ರಿ ಹಿಡಿಯುವ ಪ್ರಸಂಗವೇ ಬರಲಿಲ್ಲ. ಮೊದಲ ದಿನ ಸಾವ್ಕಾರರು ಅದರೊಳಗೆ ಇಳಿದರು. ಇಳಿದದ್ದು ನಿಜ, ಹತ್ತಲಾಗಲಿಲ್ಲ! ಹೊಟ್ಟೆ ಸ್ಟೇರಿಂಗಿಗೆ ಸಿಕ್ಕಿಕೊಂಡಿತು. ನಾಲ್ಕು ಜನ ಹಮಾಲರು, ಕ್ವಿಂಟಲ್ ಚೀಲ ಎತ್ತುವ ಕೈಗಳು, ಬಗಲಿಗೆ ಕೈ ಹಾಕಿ ಅವರನ್ನು ಎತ್ತಿ ಹೊರಗಿಟ್ಟರು. ಅಂದಿನಿಂದ ಕಾರು ಗಿರಣಿಯ ಗೋದಾಮಿನ ಮೂಲೆಯಲ್ಲಿ ನಿಂತಿತು. ಅಣ್ಣ ಸೋಮವಾರಕ್ಕೊಮ್ಮೆ ಚಾಲೂ ಮಾಡಿ ಅಂಗಳದಲ್ಲಿ ಎರಡು ಸುತ್ತು ಹೊಡೆದು ಬಿಡುತ್ತಿದ್ದ. ಚಾವಿ ಮಾತ್ರ ಸಾವ್ಕಾರರ ಉಡದಾರದಲ್ಲಿಯೇ ಇರುತ್ತಿತ್ತು.

ಆ ವರ್ಷ ದಸರೆಯ ಆಯುಧ ಪೂಜೆ ಮುಗಿದ ಮೊದಲ ಸೋಮವಾರ, ಚಾವಿ ತಿರುಗಲಿಲ್ಲ! ಅರ್ಧ ಒಳಗೆ ಹೋಗುತ್ತದೆ, ಅಲ್ಲಿಗೇ ನಿಲ್ಲುತ್ತದೆ. ಸ್ಟೇರಿಂಗೂ ಕಲ್ಲಿನ ಹಾಗೆ ಕೂತುಬಿಟ್ಟಿದೆ.

ಅಣ್ಣ ಹೇಳಿದ್ದನ್ನು ನನಗೆ ತಿಳಿದ ಮಟ್ಟಿಗೆ ಹೇಳುತ್ತೇನೆ. ಆ ಕಾರಿಗೆ ಕಳ್ಳರ ಕಾಟಕ್ಕಾಗಿ ಒಂದು ವ್ಯವಸ್ಥೆ ಇತ್ತು. ಚಾವಿ ತೆಗೆದು ಸ್ಟೇರಿಂಗ್ ಅಲ್ಲಾಡಿಸಿದರೆ, ಅದರ ದಂಡಿಗೆಯೊಳಗೆ ಒಂದು ಕಬ್ಬಿಣದ ನಾಲಿಗೆ ಹೊರಬಂದು ಅಲ್ಲಿರುವ ಕಚ್ಚಿನಲ್ಲಿ ಕೂಡುತ್ತದೆ. ಆಮೇಲೆ ಕಳ್ಳ ಎಷ್ಟೇ ತಿಣುಕಿದರೂ ಸ್ಟೇರಿಂಗ್ ತಿರುಗುವುದಿಲ್ಲ. ಚಾವಿ ತಿರುಗಿಸಿದರೆ ನಾಲಿಗೆ ಒಳಗೆ ಹೋಗುತ್ತದೆ. ಈಗ ಆ ನಾಲಿಗೆ ಒಳಗೆ ಹೋಗಲು ಒಲ್ಲೆ ಎನ್ನುತ್ತಿತ್ತು. ಕಳ್ಳನಿಗೆ ಇಟ್ಟ ಬೀಗ ಮಾಲಕನಿಗೇ ಬಿದ್ದಿತ್ತು.

ಪೇಟೆಯ ಮೆಕ್ಯಾನಿಕ್ಕುಗಳು ಬಂದು ನೋಡಿ, “ದಂಡಿಗಿ ಕೊಯ್ಬೇಕ್ರಿ” ಎಂದರು. ಸಾವ್ಕಾರರು, “ಪೂಜಿ ಮಾಡಿದ ವಾರದಾಗ ಗರಗಸ ಹಚ್ಚೂದೇನ್ಲೇ?” ಎಂದು ಅವರನ್ನು ಓಡಿಸಿ ಅಣ್ಣನನ್ನು ಕರೆದರು. ಅಣ್ಣ ಕಾರಿನ ಮುಂದೆ ಚೀಲ ಹಾಸಿಕೊಂಡು ಕೂತು, ಮೊದಲ ಪ್ರಶ್ನೆ ಕೇಳಿದ. “ಇದಕ್ಕ ಪೂಜಿ ಮಾಡಿದವ್ರು ಯಾರ್ರಿ?”

ಮಾಡಿದವರು ಗಿರಣಿಯ ಗುಮಾಸ್ತರು. ಗಿರಣಿಯ ದೇವರು ದಿಂಡರೆಲ್ಲ ಅವರದೇ ಉಸ್ತುವಾರಿ. ತೆಳ್ಳಗೆ, ಬೆಳ್ಳಗೆ, ಕಿವಿಯ ಮೇಲೆ ಸದಾ ಒಂದು ಪೆನ್ಸಿಲ್. ಅವರಿಗೆ ಸಿಟ್ಟು ನೆತ್ತಿಗೇರಿತು. “ಪೂಜಿ ವಿಷಯದಾಗ ನಿನಗೇನ್ಲೇ ಕೆಲಸ? ಕಾರು ನೋಡಂದ್ರ ನನ್ನ ನೋಡ್ತೀಯೇನು? ನಡಿ ಹೊರಗ!”

ಅಣ್ಣ ಎದ್ದು ಬಂದ. ಮನೆಯಲ್ಲಿ ರೊಟ್ಟಿ ಮುರಿಯುತ್ತ ಹೇಳಿದ: “ಜವಾಬು ಕೊಡಲಿಲ್ಲ ಅಂದ್ರ ಜವಾಬು ಅದ ಅಂತಾತು.” ಅವ್ವ ಯಾಕೋ ಎದ್ದು ನೀರು ತರಲು ಹೋದಳು. ತಂಬಿಗೆ ತುಂಬ ನೀರು ಅಲ್ಲೇ ಇತ್ತು.

ಇದಾದ ವಾರಕ್ಕೆ, ಒಂದು ಬೆಳಿಗ್ಗೆ ಹತ್ತು ಗಂಟೆಗೆ, ಕುರ್ಡಿಯಿಂದ ನಮ್ಮ ಸೋದರಮಾವ ಸೈಕಲ್ ತುಳಿದುಕೊಂಡು ಬೆವರಿಳಿಸುತ್ತ ಬಂದ. ಬಸ್ಸಿನವರ ಮುಷ್ಕರ ನಡೆದಿತ್ತು. ಒಂದು ಬಸ್ಸೂ ರಸ್ತೆಯ ಮೇಲಿರಲಿಲ್ಲ. ಮಾವ ಅಂಗಿಯೊಳಗಿಂದ ಒಂದು ಸರಕಾರಿ ಲಕೋಟೆ ತೆಗೆದ. ನೌಕರಿಗೆ ಅರ್ಜಿ ಹಾಕುವಾಗ ನಾನು ಕುರ್ಡಿಯ ವಿಳಾಸ ಕೊಟ್ಟಿದ್ದೆ. ನಮ್ಮ ಓಣಿಯ ಬಾಡಿಗೆ ಮನೆ ಯಾವಾಗ ಖಾಲಿ ಮಾಡಬೇಕಾದೀತೋ ಎಂಬ ಭಯದಿಂದ.

“ಯಾವಾಗ ಬಂತು ಮಾವಾ?”

“ಒಂಬತ್ತು ದಿನ ಆತು. ಸರ್ಕಾರಿ ಕಾಗದ ಅಂದ್ರ ಕೋರ್ಟಿಂದೇ ಇರ್ತದ ಅಂತ ದೇವರ ಮಾಡದಾಗ ಇಟ್ಟಿದ್ದೆ. ನಿನ್ನಿ ಟಪಾಲಿನವ ಕೇಳಿದ, ಹುಡುಗಿಗಿ ನೌಕರಿ ಬಂತಂತಲ್ಲ ಅಂತ.”

ಒಡೆದೆ. ದೇವದುರ್ಗ ತಾಲೂಕಿನಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ ಎಂದು ನನ್ನ ನೇಮಕವಾಗಿತ್ತು. ಕೊನೆಯ ಸಾಲಿನಲ್ಲಿ ಹಾಜರಾಗಬೇಕಾದ ಕಡೆಯ ದಿನಾಂಕ. ಅದು ಅಂದಿನದೇ! ಅಂದು ಸಂಜೆ ಐದು ಗಂಟೆಯೊಳಗೆ ದೇವದುರ್ಗದ ಕಚೇರಿಯಲ್ಲಿ ಹಾಜರಾಗದಿದ್ದರೆ ಆದೇಶ ತಾನಾಗಿಯೇ ರದ್ದು!

ನಮ್ಮ ಮನೆತನದಲ್ಲಿ ಸರಕಾರದ ಸಂಬಳ ಎಣಿಸಿದವರು ಅದುವರೆಗೆ ಯಾರೂ ಇಲ್ಲ. ಅವ್ವನ ಮೊರದಲ್ಲಿ ಕೇರಿದ ನುಚ್ಚಿನ ಮೇಲೆ ನಾನು ಓದಿದ್ದೆ. ಅವ್ವ ಕಾಗದವನ್ನು ಮುಟ್ಟಲಿಲ್ಲ, ದೂರದಿಂದಲೇ ನೋಡಿದಳು. “ದೇವದುರ್ಗ ಎಷ್ಟು ದೂರ ಅದಪ್ಪ?” ಎಂದು ಅಣ್ಣನನ್ನು ಕೇಳಿದಳು.

“ಮೂವತ್ತು ಮೂವತ್ತೈದು ಮೈಲು.”

ಮಾವನ ಸೈಕಲ್ಲಿನ ಮೇಲೆ ನನ್ನನ್ನು ಕೂಡಿಸಿಕೊಂಡು ಹೋಗುವುದಾಗಿ ಅಣ್ಣ ಹೊರಟ. ಓಣಿಯ ಮೂಲೆ ತಿರುಗುವಷ್ಟರಲ್ಲಿ, ಕುರ್ಡಿಯಿಂದ ನಿಯತ್ತಾಗಿ ಬಂದಿದ್ದ ಹಿಂದಿನ ಟಯರು ಢಮ್ ಎಂದಿತು. ಜೀಪು ಹುಡುಕಿದೆವು. ಬಾಡಿಗೆ ಜೀಪುಗಳೆಲ್ಲ ಮುಂಜಾನೆಯೇ ಬಾನೆಟ್ಟಿನ ಮೇಲೂ ಮಂದಿ ಹೇರಿಕೊಂಡು ಹೋಗಿದ್ದವು. ಗಿರಣಿಯ ಎರಡೂ ಲಾರಿಗಳು ಹೈದರಾಬಾದಿನ ದಾರಿಯಲ್ಲಿದ್ದವು. ಟ್ರ್ಯಾಕ್ಟರು ಬಾಗಲವಾಡದ ಗದ್ದೆಯಲ್ಲಿತ್ತು. ಹನ್ನೊಂದೂವರೆಯಾಯಿತು. ರಾಯಚೂರು ನಗರದಲ್ಲಿ ನಾಲ್ಕು ಚಕ್ರದ ಮೇಲೆ ಪುಕ್ಕಟೆ ನಿಂತಿದ್ದ ವಾಹನ ಒಂದೇ. ಅದಕ್ಕೆ ಬೀಗ ಬಿದ್ದಿತ್ತು.

ಅಣ್ಣ ನನ್ನನ್ನು ಕರೆದುಕೊಂಡು ನೇರ ಸಾವ್ಕಾರರ ಗಾದಿಯ ಮುಂದೆ ನಿಂತ. ಸಾವ್ಕಾರರು ಕಾಗದವನ್ನು ಓದಿದರು. ಎರಡು ಸಲ ಓದಿದರು. ಉಡದಾರದಿಂದ ಚಾವಿ ಬಿಚ್ಚಿ ಅಣ್ಣನ ಅಂಗೈಯಲ್ಲಿ ಇಟ್ಟರು.

“ಕೀಲಿ ತೆಗದ್ರ, ತಂಗೀನ ಕರಕೊಂಡು ಹೋಗು. ಗರಗಸ ಮುಟ್ಟಿದ್ರ ನೋಡು ಮತ್ತ!”

“ಗರಗಸ ಬ್ಯಾಡ್ರಿ ಯಪ್ಪಾ. ಗುಮಾಸ್ತರು ಬೇಕು.”

ಗುಮಾಸ್ತರು ಬಂದರು. ಬೆನ್ನ ಹಿಂದೆ ಗಿರಣಿಗೆ ಗಿರಣಿಯೇ ಬಂತು. ಅಣ್ಣ ಕಾರಿನ ಮುಂದೆ ಕುಕ್ಕರಗಾಲಲ್ಲಿ ಕೂತ. ನಾನು ಗಡಿಯಾರ ನೋಡುತ್ತಿದ್ದೆ. ಐದು ನಿಮಿಷ. ಹತ್ತು ನಿಮಿಷ. ಅವನು ಕಾರನ್ನು ಮುಟ್ಟಲೇ ಇಲ್ಲ. ನನಗೆ ಅಳು ಬರುವುದೊಂದು ಬಾಕಿ.

“ಯಣ್ಣಾ, ಏನ್ ನೋಡಾಕತ್ತಿ?”

“ಇರುವಿ.”

ನಿಜಕ್ಕೂ ಇರುವೆಗಳು! ನೆಲದ ತೌಡಿನ ಧೂಳಿನಿಂದ ಹೊರಟ ಒಂದು ಕೆಂಪು ಸಾಲು ಟಯರು ಹತ್ತಿ, ಬಾಗಿಲು ದಾಟಿ, ಸ್ಟೇರಿಂಗಿನ ದಂಡಿಗೆಯ ಮೇಲೆ ನಡೆದು, ಶಿಸ್ತಾಗಿ ಚಾವಿಯ ರಂಧ್ರದೊಳಗೆ ಹೋಗುತ್ತಿತ್ತು. ಹೊರಬರುವವುಗಳ ಸಾಲು ಬೇರೆ.

“ಗುಮಾಸ್ತರೇ, ಇರುವಿ ಸುಳ್ಳು ಹೇಳಂಗಿಲ್ರಿ. ಒಳಗ ಏನ್ ಅದ?”

ಗುಮಾಸ್ತರು ಕಿವಿಯ ಮೇಲಿನ ಪೆನ್ಸಿಲ್ ತೆಗೆದು, ನೋಡಿ, ಮತ್ತೆ ಅಲ್ಲೇ ಇಟ್ಟರು. “ನೈವೇದ್ಯ” ಎಂದರು ಸಣ್ಣ ದನಿಯಲ್ಲಿ.

“ಏನು?”

“ನೈವೇದ್ಯಲೇ! ಪ್ರತಿ ವರ್ಷ ಎಲ್ಲಾ ಮಶೀನಿನ ಬಾಯಿಗಿ ಚಿಟಿಕಿ ಸಕ್ಕರಿ ಹಾಕ್ತೀವಿ. ಹಲ್ಲರ್ ಮಶೀನಿಗಿ ಭತ್ತ ಸುರಿಯೋ ಬಾಯಿ ಅದ. ತಕ್ಕಡಿಗಿ ಪರಡಿ ಅದ. ಲಾರಿಗಿ ನೀರು ಹಾಕೂ ಬಾಯಿ ಅದ. ಈ ಕಾರಿಗಿ ಬಾಯಿ ಎಲ್ಲಿ ಅದ ಅಂತ ನನಗೇನ್ ಗೊತ್ತು? ಹುಡುಕಿದೆ. ಇದೊಂದೇ ತೂತು ಕಂಡಿತು. ಹಾಕಿದೆ. ಮ್ಯಾಲೆ ಒಂದೀಟು ವಿಭೂತಿ, ಎರಡು ಹನಿ ಕೊಬ್ರಿ ಎಣ್ಣಿ.”

ಸಾವ್ಕಾರರ ಹೊಟ್ಟೆ ಮೊದಲು ಅಲ್ಲಾಡಿತು, ನಗು ಆಮೇಲೆ ಬಂತು. “ಅಲ್ರೀ ಗುಮಾಸ್ತರೇ, ಉಪವಾಸ ಬಿಟ್ಟಿದ್ರ ನಡೀತಿತ್ತಲ್ರಿ ಅದು!”

ಅಣ್ಣ ಬಿಸಿ ನೀರು ತರಿಸಿದ. ಕೋಳಿಯ ರೆಕ್ಕೆಯ ಗರಿಯೊಂದನ್ನು ಅದ್ದಿ ಅದ್ದಿ ರಂಧ್ರದೊಳಗೆ ಆಡಿಸಿದ. ಸಕ್ಕರೆ ಕರಗಿ ಪಾಕವಾಗಿ, ವಿಭೂತಿ, ಎಣ್ಣೆ, ಗಿರಣಿಯ ತೌಡು ಎಲ್ಲ ಕೂಡಿ ಕಪ್ಪಗೆ ಇಳಿಯಿತು. ಇರುವೆಗಳು ಹೊರಬಿದ್ದು ಅಣ್ಣನ ಕೈ ಕಚ್ಚಿದವು. “ಕಚ್ರಿ, ಕಚ್ರಿ. ಸಾಕ್ಷಿ ಹೇಳೀರಿ, ನಿಮ್ಮ ಹಕ್ಕು ಅದ” ಎಂದ. ಸೀಮೆಎಣ್ಣೆಯಲ್ಲಿ ಮತ್ತೊಮ್ಮೆ ತೊಳೆದ. ಚಾವಿ ಹಾಕಿದ. ಪೂರ್ತಿ ಒಳಗೆ ಹೋಯಿತು!

ಎಲ್ಲರೂ ಹೋ ಎಂದರು. ಅಣ್ಣ ತಿರುಗಿಸಿದ.

ತಿರುಗಲಿಲ್ಲ.

ಗಡಿಯಾರದಲ್ಲಿ ಆಗಲೇ ಒಂದೂವರೆಯಾಗಿತ್ತು. ಒಬ್ಬ ಹಮಾಲ, “ಇಕ್ಕಳ ಹಿಡದು ತಿರವ್ರಲ್ಲ” ಎಂದ. “ಚಾವಿ ಒಳಗ ಮುರದ್ರ ನಿನ್ನ ಬೆರಳು ಹಾಕಿ ತಗೀತೀಯೇನು?” ಎಂದ ಅಣ್ಣ. ಸ್ಟೇರಿಂಗನ್ನು ಎರಡು ಬೆರಳಲ್ಲಿ ಹಿಡಿದು ಆ ಕಡೆ ಈ ಕಡೆ ಅದುಮಿ ನೋಡಿದ. ಬಲಕ್ಕೆ ಕೂದಲೆಳೆಯಷ್ಟೂ ಸರಿಯಲಿಲ್ಲ, ಎಡಕ್ಕೂ ಇಲ್ಲ. ಎದ್ದು ನಿಂತು ಕಾರಿನ ಮೂತಿಯನ್ನು ನೋಡಿದ. ಆಮೇಲೆ ಗೋಡೆಯನ್ನು ನೋಡಿದ. ಆಮೇಲೆ ಪಕ್ಕದ ಗೋಡೆಯಲ್ಲಿದ್ದ ದೇವರ ಮಾಡವನ್ನು ನೋಡಿದ.

“ದಸರಿಗಿಂತ ಮೊದಲಿನ ಸೋಮವಾರ ನಾನೇ ಇದನ್ನ ನಿಲ್ಸಿದ್ದೆ. ಮಾರಿ ಗೋಡಿ ಕಡಿ ಇತ್ತು. ಈಗ ದೇವ್ರ ಕಡಿ ಅದ. ತಾನಾಗೇ ಹೊಳ್ಳಿ ನಮಸ್ಕಾರ ಮಾಡಾಕ ಇದೇನು ಎತ್ತೇನ್ರಿ? ಯಾರು ಹೊಳ್ಳಿಸಿದವ್ರು?”

ಗುಮಾಸ್ತರು ಈ ಸಲ ಪೆನ್ಸಿಲ್ಲನ್ನೂ ಮುಟ್ಟಲಿಲ್ಲ. “ಯಾರೂ ಮುಟ್ಟಿಲ್ಲ. ಪೂಜಿ ದಿನ ಸಾವ್ಕಾರ್ರು ಮಲ್ಲಟ ಊರಿಗಿ ಹೋಗಿದ್ರು. ಚಾವಿ ಅವ್ರ ಕಡಿ ಇತ್ತು. ಚಾವಿ ಇಲ್ಲದ ಯಾರು ಹೊಳ್ಳಿಸ್ತಾರ?” ಎಂದರು. ಹಮಾಲರು ನೆಲ ನೋಡುತ್ತ ನಿಂತರು. ಎಂಟು ಮಂದಿ ಗಟ್ಟಿಮುಟ್ಟು ಗಂಡಸರು ಒಂದೇ ಸಲ ನೆಲ ನೋಡಿದರೆ ಅಲ್ಲಿ ಏನೋ ಬಿದ್ದಿದೆ ಎಂದೇ ಅರ್ಥವಲ್ಲವೇ?

ಆಗ ಹಿಂದಿನಿಂದ ಅವ್ವ ಬಂದಳು. ತಲೆಯ ಮೇಲೆಲ್ಲ ತೌಡು. ಕೈಯಲ್ಲಿ ಇನ್ನೂ ಮೊರ ಹಿಡಿದಿದ್ದಳು. ಗುಮಾಸ್ತರು ಅವಳನ್ನು ನೋಡಿದ ನೋಟ ನನಗೆ ಇಂದಿಗೂ ನೆನಪಿದೆ. ನಾಳೆಯ ಹಾಜರಿಯಲ್ಲಿ ಯಾರ ಹೆಸರು ಕರೆಯಬೇಕು, ಯಾರದು ಬಿಡಬೇಕು ಎನ್ನುವುದು ಅವರ ಕೈಯಲ್ಲಿತ್ತು.

“ನಾ ಹೇಳ್ತೀನಪ್ಪ” ಎಂದಳು ಅವ್ವ. “ಎಂಟು ಮಂದಿ ಹಮಾಲ್ರು ಮುಂದಿನ ಭಾಗ ಎತ್ತಿ ದೇವ್ರ ಕಡಿ ಇಟ್ರು. ಗುಮಾಸ್ತರು ಹೇಳಿ ಇಡ್ಸಿದ್ರು. ಎಲ್ಲಾ ಗಾಡಿಗೋಳೂ ದೇವ್ರಿಗಿ ಮಾರಿ ಮಾಡಿ ನಿಂತಾವ, ಇದೊಂದು ಗೋಡಿ ನೋಡಿದ್ರ ಅಪಶಕುನ ಅಂತ. ಯಾರಿಗೀ ಹೇಳಬ್ಯಾಡ್ರಿ ಅಂದಿದ್ರು. ನಾ ಹೇಳಿದ್ದಿಲ್ಲ. ಈಗ ಹೇಳೀನಿ.”

ಅಣ್ಣ ನೆಲಕ್ಕೆ ಮಲಗಿ ಕಾರಿನ ಕೆಳಗೆ ಇಣುಕಿದ. ಅಲ್ಲಿಂದಲೇ ಕೂಗಿದ. “ಸಿಕ್ತು!”

ಹಮಾಲರು ಭಕ್ತಿಯ ಭರದಲ್ಲಿ ಕಾರನ್ನು ಇಳಿಸುವಾಗ ಬಲಗಡೆಯ ಮುಂದಿನ ಚಕ್ರದ ಅಂಚು ಗೋದಾಮಿನ ಕಟ್ಟೆಯ ಕಲ್ಲಿಗೆ ತಾಗಿ ಓರೆಯಾಗಿ ಕೂತಿತ್ತು. ಮೇಲೆ ಇಡೀ ಕಾರಿನ ಭಾರ. ಕಲ್ಲು ಚಕ್ರವನ್ನು ಒಂದು ಕಡೆ ನೂಕುತ್ತಿದೆ, ಚಕ್ರ ಸ್ಟೇರಿಂಗನ್ನು ನೂಕುತ್ತಿದೆ, ಸ್ಟೇರಿಂಗ್ ಆ ಕಬ್ಬಿಣದ ನಾಲಿಗೆಯ ಕುತ್ತಿಗೆಯನ್ನು ಹಿಚುಕಿ ಹಿಡಿದಿದೆ. ಕುತ್ತಿಗೆ ಹಿಚುಕಿದರೆ ಯಾವ ನಾಲಿಗೆ ಒಳಗೆ ಹೋದೀತು?

“ಎತ್ತಿದವ್ರೇ ಬರ್ರಿ. ಅದನ್ನೇ ಉಲ್ಟಾ ಮಾಡೂದು” ಎಂದ ಅಣ್ಣ.

ಎಂಟೂ ಜನ ಬಂದರು. ಸಾವ್ಕಾರರೇ ಮುಂದೆ ನಿಂತು “ಹೂಂ, ಎತ್ರಲೇ!” ಎಂದರು. ಮೂತಿ ಮೇಲೆದ್ದಿತು. ಚಕ್ರ ಕಲ್ಲು ಬಿಟ್ಟು ಗಾಳಿಯಲ್ಲಿ ಒಮ್ಮೆ ನಡುಗಿ ಸಡಿಲಾಯಿತು. ಅಣ್ಣ ಒಂದು ಕೈಯಲ್ಲಿ ಚಾವಿ, ಇನ್ನೊಂದು ಕೈಯಲ್ಲಿ ಸ್ಟೇರಿಂಗ್ ಹಿಡಿದು, ಕೂಸಿನ ತೊಟ್ಟಿಲು ತೂಗುವ ಹಾಗೆ ಮೆಲ್ಲಗೆ ಆಡಿಸಿದ. ಹಮಾಲರ ಕುತ್ತಿಗೆಯ ನರಗಳು ಉಬ್ಬಿದ್ದವು. ಗುಮಾಸ್ತರು ಕಣ್ಣು ಮುಚ್ಚಿದ್ದರು.

ಟಕ್.

ಅಷ್ಟೇ. ಅಷ್ಟು ಸಣ್ಣ ಸದ್ದು. ಆಮೇಲಿನ ಸದ್ದು ಮಾತ್ರ ರಾಯಚೂರಿನ ಕೋಟೆಗೂ ಕೇಳಿರಬೇಕು! ಹಮಾಲರು ಕಾರನ್ನು ನೆಟ್ಟಗೆ ಇಳಿಸಿ ಚೀರಿದರು. ಇಂಜಿನ್ನು ಒಮ್ಮೆ ಕೆಮ್ಮಿ, ಎರಡು ಸಲ ಕೆಮ್ಮಿ, ಗುಡುಗಿತು. ನುಚ್ಚು ಕೇರುವ ಹೆಂಗಸರು ಮೊರ ಬಡಿದರು. ಸಾವ್ಕಾರರು ಗುಮಾಸ್ತರ ಬೆನ್ನಿಗೆ ಒಂದು ಗುದ್ದು ಕೊಟ್ಟು, “ನಿಮ್ಮ ದೇವ್ರು ನೋಡಿದ್ನಲ್ರಿ, ಅದಕ್ಕೇ ಕೀಲಿ ಬಿಟ್ಟಿತು!” ಎಂದರು. ಆಮೇಲೆ ಅವ್ವನ ಕಡೆ ತಿರುಗಿ, ಗುಮಾಸ್ತರಿಗೂ ಕೇಳುವ ಹಾಗೆ, “ನಾಳಿ ಹೊತ್ತಿಗಿ ಸರಿಯಾಗಿ ಬರಬೇಕು ನೋಡಬೇ, ಟೀಚರ್ ತಾಯಿ” ಎಂದರು.

ಎರಡೂವರೆ ಗಂಟೆಗೆ ಹೊರಟೆವು. ಅಣ್ಣನಿಗೆ ಲಾರಿ ಓಡಿಸುವ ಲೈಸೆನ್ಸ್ ಇತ್ತು. ಅವನು ಆ ಕಾರನ್ನೂ ಲಾರಿ ಎಂದೇ ತಿಳಿದಂತಿತ್ತು. ಕಲ್ಮಲ ದಾಟುವಷ್ಟರಲ್ಲಿ ನನ್ನ ಜಡೆ ಬಿಚ್ಚಿತು. ಗಬ್ಬೂರಿಗೆ ಬರುವಷ್ಟರಲ್ಲಿ ನನ್ನ ಬಿಳಿ ಸೀರೆ ಯಾವ ಬಣ್ಣದ್ದೆಂದು ನನಗೇ ಮರೆತಿತ್ತು. ಹತ್ತಿಯ ಹೊಲಗಳಲ್ಲಿ ಕೆಲಸ ಮಾಡುತ್ತಿದ್ದವರು ನಿಂತು ನೋಡಿದರು. ನೆಲಕ್ಕಂಟಿ ಹರಿಯುವ ಕೆಂಪು ಹಾವಿನಂಥದರಲ್ಲಿ ಇಬ್ಬರು ಧೂಳಿನ ಗೊಂಬೆಗಳು!

ಗಬ್ಬೂರಿನ ಆಚೆ ಎಮ್ಮೆಗಳ ಹಿಂಡು ಅಡ್ಡ ಬಂತು. ನಲವತ್ತು ಎಮ್ಮೆ ಇದ್ದಿರಬೇಕು. ಇಂಜಿನ್ನು ಕಾದು ಹೊಗೆಯಾಡುತ್ತಿತ್ತು. “ಒಂದೀಟು ಬಂದ್ ಮಾಡಣ್ಣ” ಎಂದೆ.

“ಬಂದ್ ಮಾಡಿ ಮತ್ತ ಕೀಲಿ ಬಿತ್ತಂದ್ರ? ಆ ನಾಲಿಗಿ ಗಾಯ ಆಗ್ಯದ. ನಂಬಾಕ ಬರಂಗಿಲ್ಲ. ಎಂಟು ಮಂದಿ ಹಮಾಲ್ರನ್ನ ಇಲ್ಲಿ ಎಮ್ಮಿ ಹೊಟ್ಟಿಯಿಂದ ತರಲೇನು?”

ಹಾರ್ನು ಹೊಡೆದ. ವಿಲಾಯತಿ ಹಾರ್ನು ರಾಗವಾಗಿ ಕೂಗಿತು. ಎಮ್ಮೆಗಳು ರಾಗ ಕೇಳುತ್ತ ನಿಂತೇಬಿಟ್ಟವು! ಕಾಯುವವನು ಬಂದು “ಇದು ಯಾವ ಜಾತಿ ಮೋಟರ್ ಅಣ್ಣ?” ಎಂದ. “ಇರುವಿ ತಿನ್ನೂ ಜಾತಿ. ಹಾದಿ ಬಿಡಪ್ಪ, ಟೀಚರ್ ಬಾಯಿಗಿ ಹೊತ್ತಾಗ್ಯದ” ಎಂದ ಅಣ್ಣ. ಟೀಚರ್ ಬಾಯಿ, ಅಂದರೆ ಟೀಚರಮ್ಮ! ಜಗತ್ತಿನಲ್ಲಿ ನನ್ನನ್ನು ಹಾಗೆ ಕರೆದವರಲ್ಲಿ ಅವನೇ ಮೊದಲಿಗ. ಅದೂ ಎಮ್ಮೆಗಳ ಮುಂದೆ.

ದೇವದುರ್ಗದ ಕಚೇರಿಯ ಅಂಗಳಕ್ಕೆ ಬಂದಾಗ ಐದಕ್ಕೆ ಹದಿನೈದು ನಿಮಿಷ ಬಾಕಿ. ಅಣ್ಣ ಕಾರನ್ನು ಕಿಟಕಿಯ ಪಕ್ಕಕ್ಕೇ ತಂದು ನಿಲ್ಲಿಸಿದ. ಇಂಜಿನ್ನು ಬಂದ್ ಮಾಡಲಿಲ್ಲ. ಬಿಟ್ಟು ಇಳಿಯಲೂ ಇಲ್ಲ. “ನಾ ಇಲ್ಲೇ ಕುಂತಿರ್ತೀನಿ. ಓಡು!” ಎಂದ.

ಓಡಿದೆ. ಒಳಗೆ ಕ್ಲಾರ್ಕರು ಫೈಲು ಕಟ್ಟುತ್ತಿದ್ದರು. ಕಟ್ಟಿದ ದಾರವನ್ನು ಕೈಯಲ್ಲೇ ಹಿಡಿದು ಕಿಟಕಿಯ ಹತ್ತಿರ ನಿಂತರು. ಕಚೇರಿಗೆ ಕಚೇರಿಯೇ ಕಿಟಕಿಯ ಹತ್ತಿರ ಬಂತು. ನನ್ನ ಕಾಗದ ನೋಡಿದ ಕ್ಲಾರ್ಕರು ನನಗೊಂದು ಕುರ್ಚಿ ಎಳೆದು ಕೊಟ್ಟರು. ನೀವು ನಂಬಬೇಕು, ಸರಕಾರದ ಕಚೇರಿಯಲ್ಲಿ ನಮ್ಮ ಮನೆಯ ಯಾರಿಗೂ ಅದುವರೆಗೆ ಯಾರೂ ಕುರ್ಚಿ ಕೊಟ್ಟಿರಲಿಲ್ಲ. ನಾನು ತುದಿಯಲ್ಲಿ ಕೂತೆ. ಹಾಜರಾತಿ ಬರೆದರು. ಸಹಿ ಮಾಡಿದೆ. ನೌಕರಿ ನನ್ನದಾಯಿತು! ಐದಕ್ಕೆ ಇನ್ನೂ ಏಳು ನಿಮಿಷ ಉಳಿದಿತ್ತು.

ಕ್ಲಾರ್ಕರು ಬಹಳ ಮರ್ಯಾದೆಯಿಂದ ಕೇಳಿದರು. “ಸಾವ್ಕಾರ್ರ ಪೈಕಿ ಏನ್ರಿ ಬಾಯಿಯವ್ರೇ?”

“ಅಲ್ರಿ.”

“ಮತ್ತ, ಕಾರಿನ್ಯಾಗ ಕುಂತವ್ರು ಯಾರ್ರಿ?”

ನಾನು ಕಿಟಕಿಯಿಂದ ನೋಡಿದೆ. ಧೂಳು ಮೆತ್ತಿದ ಮುಖ, ನಿಂತ ಕೂದಲು, ಬಗಲಲ್ಲಿ ಹರಿದ ಖಾಕಿ ಅಂಗಿ, ಮೊಣಕೈವರೆಗೆ ಕಪ್ಪು. ನನ್ನ ಕೆಳಗೆ ಕುರ್ಚಿ ಇತ್ತು.

“ಡ್ರೈವರ್” ಎಂದೆ.

ಕಿಟಕಿ ತೆರೆದೇ ಇತ್ತು. ಅಣ್ಣ ತಲೆಯೆತ್ತಿ ನನ್ನನ್ನು ನೋಡಿದ. ಆಮೇಲೆ ಇಂಜಿನ್ನು ಹಾಗೇ ಬಿಟ್ಟು ಕಾರಿನಿಂದ ಇಳಿದು ನೆಟ್ಟಗೆ ನಿಂತ. ನಾನು ಹೊರಗೆ ಬಂದಾಗ ಬಾಗಿಲು ತೆರೆದು ಹಿಡಿದು, ಕಚೇರಿಗೆಲ್ಲ ಕೇಳುವ ಹಾಗೆ, “ಬರ್ರಿ ಮೇಡಂ” ಎಂದ.

ರಾಯಚೂರು ಬರುವವರೆಗೂ ನಕ್ಕ. ಗಿರಣಿಯಲ್ಲಿ ತಾನೇ ಎಲ್ಲರಿಗೂ ಹೇಳಿದ. “ನಮ್ಮ ತಂಗಿ ಆಫೀಸರ್ ಆದ್ಲು, ನನ್ನ ಡ್ರೈವರ್ ಮಾಡಿದ್ಲು!” ಸಾವ್ಕಾರರು ನಕ್ಕರು, ಗುಮಾಸ್ತರೂ ನಕ್ಕರು, ಅವ್ವ ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ನಾನೂ ನಕ್ಕೆ. ಅದು ನಮ್ಮ ಮನೆಯ ದೊಡ್ಡ ತಮಾಷೆಯಾಯಿತು. ನನ್ನ ಮದುವೆಯಲ್ಲಿ ಬೀಗರಿಗೂ ಹೇಳಿದ.

ಅವನು ಅದನ್ನು ನಿಜವಾಗಿ ತಮಾಷೆ ಎಂದೇ ತಿಳಿದಿದ್ದನೋ, ನನ್ನ ಮುಖ ಉಳಿಸಲು ಅಲ್ಲೇ ಆ ಕ್ಷಣದಲ್ಲಿ ತಮಾಷೆ ಮಾಡಿದನೋ, ನಾನು ಕೇಳಲಿಲ್ಲ. ಕೇಳಲು ಹದಿಮೂರು ವರ್ಷ ಇತ್ತು. ಹೋದ ತಿಂಗಳು ಕೆಲಸದ ಮೇಲೆ ದೇವದುರ್ಗಕ್ಕೆ ಹೋಗಿದ್ದೆ. ಆ ಕ್ಲಾರ್ಕರು ನಿವೃತ್ತರಾಗಿ ಊರು ಬಿಟ್ಟಿದ್ದಾರಂತೆ. ಈಗಿರುವವರಿಗೆ ಅಂಥ ಕಾರು ಬಂದಿತ್ತೆಂಬುದೇ ಗೊತ್ತಿಲ್ಲ. ಹಳೆಯ ಪುಸ್ತಕದಲ್ಲಿ ನನ್ನ ಹೆಸರು ಇದೆ, ನಾನು ಹಾಜರಾದ ಹೊತ್ತು ಇದೆ, ನನ್ನ ಸಹಿ ಇದೆ.

ಕಾರಿನಲ್ಲಿ ಕೂತವನು ನಮ್ಮಣ್ಣ ಎಂದು ನಾನು ಅಲ್ಲಿ ಇನ್ನೂ ಯಾರಿಗೂ ಹೇಳಿಲ್ಲ.